ಬಿಚ್ಚಿದ್ದು ಒಂದು ದಿನ, ಅಳೆದದ್ದು ಎರಡು ದಿನ

ವಾರಕ್ಕೆ ಅರ್ಧ ಲೀಟರಿನಷ್ಟು ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು, ಕಡಿಮೆಯಾಗುತ್ತಿತ್ತು, ಆದರೆ ವಾಹನ ನಿಂತ ಜಾಗದಲ್ಲಿ ಒಂದು ಹನಿಯೂ ಬಿದ್ದಿರುತ್ತಿರಲಿಲ್ಲ. ನನ್ನದು ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರಿನ ಹಳೆಯ ಟರ್ಬೊ ಡೀಸೆಲ್ ಎಂಜಿನ್. ಎರಕದ ಕಬ್ಬಿಣದ ಬ್ಲಾಕ್, ಅದರ ಮೇಲೆ ಸಿಲಿಂಡರುಗಳನ್ನು ಮುಚ್ಚುವ ಅಲ್ಯೂಮಿನಿಯಂ ಹೆಡ್, ಡೀಸೆಲ್ ಉರಿಯಲು ತೊಡಗುವುದು ಹೆಡ್ಡಿನೊಳಗಿನ ಪುಟ್ಟ ಪ್ರೀ-ಚೇಂಬರಿನಲ್ಲಿ. ಬೆಳಿಗ್ಗೆ ಚಾಲೂ ಮಾಡಿದ ಎರಡು ನಿಮಿಷಕ್ಕೆ, ನೀರು ಇನ್ನೂ ಬೆಚ್ಚಗಾಗುವ ಮೊದಲೇ, ರೇಡಿಯೇಟರಿನ ಮೇಲಿನ ಹೋಸ್ ಗಟ್ಟಿಯಾಗಿ ಬಿಗಿದುಕೊಳ್ಳುತ್ತಿತ್ತು. ತಣ್ಣನೆಯ ನೀರು ತಾನಾಗಿ ಅಷ್ಟು ಒತ್ತಡ ಹುಟ್ಟಿಸಲಾರದು. ಸಿಲಿಂಡರಿನ ಅನಿಲವೇ ನೀರಿನ ದಾರಿಗೆ ನುಗ್ಗುತ್ತಿರಬೇಕು. ರೇಡಿಯೇಟರಿನ ಬಾಯಿಗೆ ಪರೀಕ್ಷಾ ನಳಿಕೆ ಇಟ್ಟು ಒಳಗಿನ ಗಾಳಿಯನ್ನು ಉರಿದ ಅನಿಲ ತಾಗಿದರೆ ಬಣ್ಣ ಬದಲಿಸುವ ನೀಲಿ ದ್ರವದ ಮೂಲಕ ಹಾಯಿಸಿದಾಗ ಅದು ಹಸಿರಾಗಿ, ಹಳದಿಯತ್ತ ಹೊರಳಿತು. ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಮಾತ್ರ ಹೋಗಿರಲಿ ಎಂದು ಆಸೆಪಟ್ಟೆ.

ಬಿಚ್ಚುವ ಕೆಲಸದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಂದನೆಯ ಸಿಲಿಂಡರನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತಂದು, ಟೈಮಿಂಗ್ ಗುರುತುಗಳ ಫೋಟೊ ತೆಗೆದುಕೊಂಡು, ಬೆಲ್ಟ್ ಕಳಚಿದ ಮೇಲೆ, ಪಿಸ್ಟನ್ನುಗಳಿಗೆ ಜೋಡಿಸಿರುವ ಕ್ರ್ಯಾಂಕನ್ನು ಅಲುಗಿಸದೆ ಹೆಡ್ ಎತ್ತಿದೆ. ಇಂಜೆಕ್ಟರ್ ಪೈಪುಗಳನ್ನು ಬಿಚ್ಚಿದ ಕೂಡಲೇ ಎಲ್ಲ ಬಾಯಿಗಳಿಗೂ ಮುಚ್ಚಳ ಹಾಕಿದೆ, ಏಕೆಂದರೆ ಡೀಸೆಲ್ ಪಂಪಿಗೆ ಕಣ್ಣಿಗೆ ಕಾಣದ ಮರಳಿನ ಕಣವೂ ಶತ್ರು. ಹೆಡ್ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣಿದ ಮೇಲೆ, ಎರಡೂ ತುದಿಗಳಿಂದ ನಡುವಿನ ಕಡೆಗೆ, ಮೂರು ಸುತ್ತಿನಲ್ಲಿ ಸಡಿಲಿಸಿದೆ.

ಹೆಡ್ಡನ್ನು ತಿರುಗಿಸಿ ಒರೆಸಿದಾಗ ಮೂರನೆಯ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ (ವಾಲ್ವು ಮುಚ್ಚಿ ಕೂರುವ ಉಂಗುರಗಳ) ನಡುವೆ ಕೂದಲಿನಂಥ ಗೆರೆ ಕಂಡಿತು. ಇಂಥ ಹಳೆಯ ಹೆಡ್ಡುಗಳಲ್ಲಿ ಸೀಟುಗಳ ನಡುವೆ ಮೇಲ್ಮೈಗಷ್ಟೇ ಸೀಮಿತವಾದ ಸಣ್ಣ ಬಿರುಕು ಅಪರೂಪವಲ್ಲ, ಅದರೊಂದಿಗೇ ವರ್ಷಗಟ್ಟಲೆ ಓಡುವ ಎಂಜಿನ್ನುಗಳೂ ಇವೆ. ಆದ್ದರಿಂದ ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ಪೆನಿಟ್ರಂಟ್ ಹಚ್ಚಿ, ಒರೆಸಿ, ಇಳಿದ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಸಿಂಪಡಿಸಿದೆ. ಕೆಂಪು ಗೆರೆ ಸೀಟಿನಿಂದ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಒಳಗೋಡೆಯವರೆಗೂ ಹರಿದಿತ್ತು, ಆ ಗೋಡೆಯ ಆಚೆ ಇರುವುದು ನೀರು. ಬೆಸುಗೆ ಹಾಕಿಸಬಹುದಿತ್ತು, ಆದರೆ ಅಷ್ಟು ಕಾದ ಅಲ್ಯೂಮಿನಿಯಂ ಸೊಟ್ಟಗಾಗುತ್ತದೆ, ಮೇಲ್ಮೈಯನ್ನೂ ಸೀಟುಗಳನ್ನೂ ಮತ್ತೆ ಕೆತ್ತಬೇಕಾಗುತ್ತದೆ. ಹೊಸ ಹೆಡ್ಡೇ ಸರಿ ಎಂದು ತೀರ್ಮಾನಿಸಿದೆ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ. ಬ್ಲಾಕಿನ ಮೇಲ್ಮೈಯನ್ನು ಪ್ಲಾಸ್ಟಿಕ್ ಕೆರಕದಿಂದ ಶುಚಿಗೊಳಿಸಿ, ಉಕ್ಕಿನ ನೇರ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದಾಗ 0.05 ಮಿ.ಮೀ. ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲಿಯೂ ನುಸುಳಲಿಲ್ಲ. ಬಳಿಕ ಡಯಲ್ ಗೇಜಿನಿಂದ ಪಿಸ್ಟನ್ನುಗಳು ಮೇಲ್ತುದಿಯಲ್ಲಿ ಬ್ಲಾಕಿಗಿಂತ ಎಷ್ಟು ಮೇಲೇಳುತ್ತವೆ ಎಂದು ಅಳೆದೆ. ಗೇಜನ್ನು ಪಿಸ್ಟನ್ ಪಿನ್ನಿನ ಸಾಲಿನ ಮೇಲೆಯೇ, ಪ್ರತಿ ಪಿಸ್ಟನ್ನಿಗೆ ಎರಡು ಕಡೆ ಊರಬೇಕು. ಬೇರೆಡೆ ಊರಿದರೆ ಪಿಸ್ಟನ್ ತೊನೆದು ಅಳತೆ ಸುಳ್ಳಾಗುತ್ತದೆ. ಮೊದಲ ದಿನ ಈ ತಪ್ಪನ್ನೇ ಮಾಡಿ, ನಾಲ್ಕು ಪಿಸ್ಟನ್ನುಗಳಿಗೆ ಎಂಟು ಬಗೆಯ ಅಂಕಿ ಬರೆದುಕೊಂಡು, ಮರುದಿನ ಎಲ್ಲವನ್ನೂ ಹೊಡೆದುಹಾಕಿದೆ.

ಈ ಅಳತೆಗೆ ಇಷ್ಟು ಸಮಯ ಕೊಟ್ಟದ್ದಕ್ಕೆ ಕಾರಣವಿದೆ. ಡೀಸೆಲ್ ಎಂಜಿನ್ನಿನ ಗ್ಯಾಸ್ಕೆಟ್ ಸಾಮಾನ್ಯವಾಗಿ ಹಲವು ದಪ್ಪಗಳಲ್ಲಿ ಬರುತ್ತದೆ; ಅಂಚಿನಲ್ಲಿ ಕತ್ತರಿಸಿದ ಕಚ್ಚುಗಳೋ ತೂತುಗಳೋ ದಪ್ಪವನ್ನು ಸೂಚಿಸುತ್ತವೆ. ನನ್ನ ಎಂಜಿನ್ನಿನ ಕಂಪ್ರೆಷನ್ ಅನುಪಾತ 21, ಅಂದರೆ ಸಿಲಿಂಡರಿನ ಗಾಳಿ ಇಪ್ಪತ್ತೊಂದರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಗ್ಯಾಸ್ಕೆಟ್ ಬರೀ 0.1 ಮಿ.ಮೀ. ದಪ್ಪವಾದರೆ ಅದು ಸುಮಾರು 20.6ಕ್ಕೆ ಇಳಿದು, ಚಳಿಯಲ್ಲಿ ಚಾಲೂ ಆಗಲು ಸತಾಯಿಸುತ್ತದೆ. ತೆಳುವಾದರೆ ಪರಿಣಾಮ ಇನ್ನೂ ಕೆಟ್ಟದ್ದು, ಪಿಸ್ಟನ್ ಹೆಡ್ಡಿಗೇ ತಾಗಬಹುದು. ಕಳಚಿದ ಹಳೆಯ ಗ್ಯಾಸ್ಕೆಟ್ಟಿನಲ್ಲಿ ಒಂದೇ ಕಚ್ಚಿತ್ತು, ನಾನು ಅಂಥದ್ದನ್ನೇ ತರಿಸುವವನಿದ್ದೆ. ಆದರೆ ಎಲ್ಲಕ್ಕಿಂತ ಎತ್ತರದ ಪಿಸ್ಟನ್ನಿನ ಅಳತೆಯನ್ನು ಕೈಪಿಡಿಯ ಕೋಷ್ಟಕಕ್ಕೆ ಹೋಲಿಸಿದಾಗ ಬೇಕಾಗಿದ್ದದ್ದು ಎರಡು ಕಚ್ಚಿನದು. ಹಳೆಯದನ್ನು ನೋಡಿ ಹೊಸದನ್ನು ತರುವ ಅಭ್ಯಾಸವನ್ನು ಅಂದೇ ಬಿಟ್ಟೆ.

ಹೆಡ್ ಎತ್ತುವಾಗ ಬೋಲ್ಟಿನ ಕುರುಡು (ತಳ ಮುಚ್ಚಿದ) ತೂತುಗಳಿಗೆ ನೀರೂ ಎಣ್ಣೆಯೂ ಇಳಿದಿದ್ದವು. ದ್ರವವನ್ನು ಒತ್ತಿ ಕುಗ್ಗಿಸಲಾಗದು; ತೂತಿನ ತಳದಲ್ಲಿ ಅದಿರುವಾಗಲೇ ಬೋಲ್ಟನ್ನು ಬಿಗಿದರೆ ಬ್ಲಾಕೇ ಸೀಳಬಹುದು, ಸೀಳದಿದ್ದರೂ ಬಿಗಿತ ಅಳೆಯುವ ಟಾರ್ಕ್ ರೆಂಚ್ ತೋರಿಸುವ ಅಂಕಿ ಸುಳ್ಳಾಗಿರುತ್ತದೆ. ಹಳೆಯ ಬೋಲ್ಟೊಂದರ ತಿರುಪಿನ ಎಳೆಗಳಿಗೆ ಅಡ್ಡವಾಗಿ ಉದ್ದ ಸೀಳು ಕೊಯ್ದು, ಅದನ್ನೇ ಪ್ರತಿ ತೂತಿನಲ್ಲಿ ತಿರುಗಿಸಿ ಕೊಳೆ ತೆಗೆದು, ಬಟ್ಟೆ ಅಡ್ಡ ಹಿಡಿದು ಗಾಳಿ ಊದಿದೆ. ಇನ್ನೆರಡು ಹಳೆಯ ಬೋಲ್ಟುಗಳ ತಲೆ ಕತ್ತರಿಸಿ, ಹೆಡ್ ಇಳಿಸುವಾಗ ದಾರಿ ತೋರುವ ಗೂಟಗಳನ್ನಾಗಿ ಮಾಡಿಕೊಂಡೆ.

ಹೊಸ ಹೆಡ್ ಎಂಬ ಕಾರಣಕ್ಕೆ ಅದನ್ನು ನಂಬಲಿಲ್ಲ. ನೇರ ಪಟ್ಟಿಯಿಂದ ಮತ್ತೆ ಪರೀಕ್ಷಿಸಿ, ಪ್ರೀ-ಚೇಂಬರಿನ ಬಿಲ್ಲೆಗಳು ಮೇಲ್ಮೈಗೆ ಸಮನಾಗಿವೆಯೇ ಎಂದು ಉಗುರಾಡಿಸಿ ನೋಡಿ, ಎಣ್ಣೆಯ ದಾರಿಗಳಿಗೆ ಗಾಳಿ ಊದಿದಾಗ ಸಣ್ಣ ಲೋಹದ ಚೂರುಗಳು ಹೊರಬಿದ್ದವು. ಅವು ಕ್ಯಾಮ್ ಶಾಫ್ಟಿನ ಬೇರಿಂಗಿಗೆ ಹೋಗಿದ್ದರೆ ಪಟ್ಟ ಶ್ರಮವೆಲ್ಲ ನೀರುಪಾಲಾಗುತ್ತಿತ್ತು.

ಬಿರುಕಿಗೆ ಕಾರಣವನ್ನೂ ಹುಡುಕಬೇಕಿತ್ತು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬೋಲ್ಟುಗಳು ಅದನ್ನು ಕದಲಗೊಡುವುದಿಲ್ಲ; ವಾಲ್ವುಗಳ ನಡುವಿನ ಕಿರಿದಾದ ಸೇತುವೆ ಎಲ್ಲಕ್ಕಿಂತ ಹೆಚ್ಚು ಕಾಯುವ ಜಾಗ. ರೇಡಿಯೇಟರನ್ನು ಬಿಚ್ಚಿ ನೀರು ಹಾಯಿಸಿದಾಗ ಕೆಳಗಿನ ಅರ್ಧ ಕೆಸರು ತುಂಬಿ ಕಟ್ಟಿತ್ತು. ಏರು ದಾರಿಯಲ್ಲಿ ಟರ್ಬೊ ದುಡಿಯುವಾಗ ಉಳಿದ ಅರ್ಧ ರೇಡಿಯೇಟರ್ ಸಾಲದಾಗಿತ್ತು. ಅದನ್ನೂ ಥರ್ಮೋಸ್ಟಾಟನ್ನೂ ಬದಲಿಸಿದೆ.

ಗ್ಯಾಸ್ಕೆಟ್ಟಿಗೆ ಏನೂ ಬಳಿಯದೆ ಒಣದಾಗಿಯೇ ಕೂರಿಸಿ, ಗೆಳೆಯನೊಬ್ಬನ ನೆರವಿನಿಂದ ಹೆಡ್ ಇಳಿಸಿ, ಹೊಸ ಬೋಲ್ಟುಗಳನ್ನು ಈ ಸಲ ನಡುವಿನಿಂದ ಹೊರಕ್ಕೆ, ಕೈಪಿಡಿಯ ಹಂತಗಳಂತೆ ಬಿಗಿದೆ. ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಾತ್ರಿಪಡಿಸಿಕೊಂಡೆ. ಇಂಜೆಕ್ಟರುಗಳ ಕೆಳಗಿನ ತಾಮ್ರದ ವಾಷರುಗಳು ಹೊಸವು. ಡೀಸೆಲ್ ಹರಿದು ಎಂಜಿನ್ ಚಾಲೂ ಆಗದಂತೆ ಪಂಪಿನ ಸ್ಟಾಪ್ ಸೊಲೆನಾಯ್ಡಿನ ತಂತಿ ಕಳಚಿ, ಎಣ್ಣೆಯ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿದೆ. ಎಣ್ಣೆ ತಲುಪದ ಟರ್ಬೊ ಕೆಲವೇ ಕ್ಷಣಗಳಲ್ಲಿ ಹಾಳಾಗಬಲ್ಲದು. ತಂತಿಯನ್ನು ಮರಳಿ ಜೋಡಿಸಿ, ಹ್ಯಾಂಡ್ ಪಂಪ್ ಒತ್ತಿ, ಇಂಜೆಕ್ಟರ್ ನಟ್ಟುಗಳನ್ನು ಸಡಿಲಿಸಿ ಡೀಸೆಲ್ ಲೈನಿನ ಏರ್ ತೆಗೆದೆ. ಆಗ ಬೆರಳನ್ನು ಹತ್ತಿರ ಒಯ್ಯಬಾರದು, ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಎಂಜಿನ್ ಹಿಡಿದುಕೊಂಡ ಮೇಲೆ ಹತ್ತು ನಿಮಿಷ ದಟ್ಟವಾದ ಬಿಳಿ ಹೊಗೆ ಬಂದು ನನ್ನ ಎದೆ ಹಾರಿತು. ಅದು ಸೈಲೆನ್ಸರಿನಲ್ಲಿ ಉಳಿದಿದ್ದ ನೀರು ಆವಿಯಾಗುತ್ತಿದ್ದದ್ದಷ್ಟೇ. ಹೀಟರನ್ನು ಪೂರ್ತಿ ತೆರೆದು ಕೂಲೆಂಟಿನ ಗಾಳಿ ಹೊರಹಾಕಿದೆ. ಮರುದಿನ ಬೆಳಿಗ್ಗೆ ಮೇಲಿನ ಹೋಸನ್ನು ಹಿಸುಕಿದರೆ ಮೆತ್ತಗಿತ್ತು. ಸಾವಿರ ಕಿಲೋಮೀಟರಿಗೆ ವಾಲ್ವ್ ಅಂತರ ನೋಡಲು ಹೆಡ್ಡಿನ ಮೇಲಿನ ಕವರ್ ತೆಗೆಯಲೇಬೇಕು. ಅದರ ಹಿಂತುದಿಯ ಅರ್ಧಚಂದ್ರದ ರಬ್ಬರಿಗೆ ಸೀಲಂಟ್ ಹಚ್ಚಲು ಮರೆತಿದ್ದರಿಂದ ಅಲ್ಲಿ ಎಣ್ಣೆ ಜಿನುಗುತ್ತಿದೆ, ಅದನ್ನು ಅಂದೇ ಸರಿಮಾಡುತ್ತೇನೆ.