ನೋಡು, ಕೇಳು, ಹೇಳು: ಇಂಗ್ಲಿಷಲ್ಲಿ ಯಾವಾಗ ಯಾವುದು?

ನಮ್ಮ ಚಿಕ್ಕಮಗಳೂರು ಕಡೆ ಹೋಂಸ್ಟೇ, ಜೀಪು, ಗೈಡು ಅಂತ ಕೆಲ್ಸ ಮಾಡೋ ಹುಡುಗ್ರು ಇಂಗ್ಲಿಷ್ ಚೆನ್ನಾಗೇ ಮಾತಾಡ್ತಾರೆ, ಆದ್ರೆ ನಾವು ಒಂದೇ ಪದದಲ್ಲಿ ಮುಗಿಸೋದಕ್ಕೆ ಇಂಗ್ಲಿಷಲ್ಲಿ ಮೂರ್ ಮೂರು ಇರತ್ತಲ್ಲ, ಅಲ್ಲಿ ತಡವರಿಸ್ತಾರೆ. ಅರ್ಥ ಉರು ಹೊಡೆದ್ರೆ ಉಪಯೋಗ ಇಲ್ಲ, ಡಿಕ್ಷನರೀಲಿ ಸೀ, ಲುಕ್, ವಾಚ್ ಮೂರಕ್ಕೂ 'ನೋಡು' ಅಂತಾನೇ ಬರ್ದಿರತ್ತೆ. ಬೇಕು ಅಂತ ಮಾಡಿದ್ದಾ ಇಲ್ಲ ತಾನಾಗೇ ಆಗಿದ್ದಾ ನೋಡ್ಕೊಳ್ಳಿ, ಆಮೇಲೆ ಆ ಪದದ ಪಕ್ಕ ಏನು ಬರತ್ತೆ ಅಂತ.

ಮುಳ್ಳಯ್ಯನಗಿರಿ ರೋಡಲ್ಲಿ ತಿರುವು ದಾಟ್ತಿದ್ದಂಗೇ ಕಾಟಿ ಕಣ್ಣಿಗೆ ಬಿತ್ತು, ಅದು ಸೀ. ಗೆಸ್ಟ್‌ಗೆ ಕೈ ತೋರ್ಸಿ 'ಅಲ್ನೋಡಿ ಸಾರ್' ಅಂದ್ರೆ 'ಲುಕ್ ಅಟ್ ದಟ್ ಬೈಸನ್', ಈ ಅಟ್ ಬಿಡಂಗಿಲ್ಲ. ಅದು ಮೇಯೋದನ್ನ ಜೀಪಲ್ಲೇ ಕೂತು ನೋಡ್ತಾ ಇದ್ರೆ ವಾಚ್. ವಾಚ್ ಅನ್ನೋದು ಅಲ್ಲಾಡೋದಕ್ಕೆ, ಏನೋ ನಡೀತಾ ಇರೋದಕ್ಕೆ, ಹಂಗಾಗಿ ಸನ್‌ರೈಸ್ ವಾಚ್ ಮಾಡ್ಬಹುದು, ಬೇಲೂರಲ್ಲಿ ಮದನಿಕೆ ಮುಂದೆ ಗಂಟೆಗಟ್ಲೆ ನಿಂತ್ರೂ ಅದು ಲುಕ್ ಅಟ್. 'ಬೇಲೂರು ನೋಡಿದೀರಾ' ಅಂತ ವಿಚಾರಿಸೋಕೆ ಮಾತ್ರ ಸೀ ಬೇಕು: 'ಹ್ಯಾವ್ ಯು ಸೀನ್ ಬೇಲೂರ್?'

ಕೇಳು ಅನ್ನೋದು ಇನ್ನೂ ಫಜೀತಿ. ಘಾಟಿಲಿ ನೆಟ್‌ವರ್ಕ್ ಕೈ ಕೊಟ್ಟಾಗ ಗೆಸ್ಟ್‌ಗೆ 'ಐ ಆಮ್ ನಾಟ್ ಲಿಸನಿಂಗ್' ಅಂತ ಹೇಳ್ಬಿಟ್ರೆ ಕಥೆ ಮುಗೀತು, 'ನಿಮ್ಮ ಮಾತಿಗೆ ನಾನು ಕಿವಿ ಕೊಡ್ತಿಲ್ಲ' ಅಂದಂಗಾಯ್ತು. ಕೇಳಿಸ್ತಾ ಇಲ್ಲ ಅನ್ನೋಕೆ 'ಐ ಕಾಂಟ್ ಹಿಯರ್ ಯು'. ನಮ್ಮಲ್ಲೂ ಕೇಳು, ಕೇಳಿಸು ಅಂತ ಎರಡು ಇದ್ಯಲ್ಲ, ಕೇಳಿಸೋದೆಲ್ಲ ಹಿಯರ್ ಅಂತ ಇಟ್ಕೊಳ್ಳಿ. ಮನಸ್ಸಿಟ್ಟು ಕೇಳೋದು ಲಿಸನ್ ಟು, ಪ್ರಶ್ನೆ ಕೇಳೋದು ಆಸ್ಕ್.

ಹೇಳು ಕೆಡೋದು ನಮ್ಮ 'ಗೆ' ಇಂದ. ಅವನಿಗೆ ಹೇಳ್ದೆ, ಅವನಿಗೆ ಕೇಳ್ದೆ ಅಂದೂ ಅಂದೂ 'ಟೋಲ್ಡ್ ಟು ಹಿಮ್', 'ಆಸ್ಕ್ಡ್ ಟು ಹಿಮ್' ಅಂತ ಬಾಯಿಗೆ ಬರತ್ತೆ. ಟೆಲ್, ಆಸ್ಕ್ ಎರಡಕ್ಕೂ ಮನುಷ್ಯ ನೇರವಾಗಿ ಪಕ್ಕಕ್ಕೆ ಬರ್ತಾನೆ: 'ಐ ಟೋಲ್ಡ್ ಹಿಮ್'. ಸೇ ಹಂಗಲ್ಲ, ಅದಕ್ಕೆ ಟು ಬೇಕು: 'ವಾಟ್ ಡಿಡ್ ಹಿ ಸೇ ಟು ಯು?' ಎಕ್ಸ್‌ಪ್ಲೇನ್ ಕೂಡ ಸೇ ಪಾರ್ಟಿ, 'ಎಕ್ಸ್‌ಪ್ಲೇನ್ ಮಿ' ಅಂತ ಓದ್ಕೊಂಡಿರೋರೂ ಬರೀತಾರೆ, ಅದು ತಪ್ಪು, 'ಎಕ್ಸ್‌ಪ್ಲೇನ್ ಟು ಮಿ' ಆಗ್ಬೇಕು.

ಬ್ರಿಂಗ್, ಟೇಕ್ ಸುಲಭ. ಬೆಂಗಳೂರಿಂದ ಹೊರಡೋ ಗೆಸ್ಟ್‌ಗೆ ಫೋನಲ್ಲಿ 'ಬ್ರಿಂಗ್ ಎ ಜಾಕೆಟ್', ನಮ್ ಹತ್ರ ಬರೋದಲ್ವಾ. ಅದೇ ಗೆಸ್ಟು ಬೆಳಿಗ್ಗೆ ಇಲ್ಲಿಂದ ಬೆಟ್ಟಕ್ಕೆ ಹೊರಟಾಗ 'ಟೇಕ್ ಯುವರ್ ಜಾಕೆಟ್'. ಮಳೇಲಿ ಛತ್ರಿ ಕೊಡೋರು ಲೆಂಡ್ ಮಾಡ್ತಾರೆ, ಇಸ್ಕೊಳ್ಳೋರು ಬಾರೋ ಮಾಡ್ತಾರೆ, ವಾಪಸ್ ಬರತ್ತೋ ಇಲ್ವೋ ಅದು ಬೇರೆ ಮಾತು.

ಡು, ಮೇಕ್‌ಗೆ ಮಾತ್ರ ಗಟ್ಟಿ ರೂಲ್ ಹುಡುಕ್ಬೇಡಿ. ಹೊಸದೊಂದು ತಯಾರಾದ್ರೆ ಹೆಚ್ಚಾಗಿ ಮೇಕ್, ಕಾಫಿ ಥರ, ಆದ್ರೆ ಮಿಸ್ಟೇಕ್, ಫೋನ್ ಕಾಲ್ ಎರಡೂ ಮೇಕೇ, ಹೋಂವರ್ಕ್, ಫೇವರ್ ಡು. ಇವನ್ನ ಜೋಡಿ ಜೋಡಿಯಾಗೇ ಬಾಯಿಗೆ ಹತ್ತಿಸ್ಕೋಬೇಕು.