ಮಾಜಿ ಸೈನಿಕರ ಸಣ್ಣ ಕಂಪನಿಗೆ ದೊಡ್ಡ ಕಂಪನಿಯ ಕೆಲಸ: ಅಮೆರಿಕದಲ್ಲಿ ದಾರಿ ಹೇಗಿದೆ?

ಸ್ನೇಹಿತರ ಮಗನೊಬ್ಬ ಅಮೆರಿಕದ ನೌಕಾಪಡೆಯಲ್ಲಿ ಆರು ವರ್ಷ ಇದ್ದು ಹೊರಗೆ ಬಂದ. ಹಡಗಿನಲ್ಲಿ ಕಲಿತ ವೈರಿಂಗ್ ಕೆಲಸವನ್ನೇ ನೆಚ್ಚಿಕೊಂಡು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಸಣ್ಣ ಕಂಪನಿ ಶುರು ಮಾಡಿದ. ಆಫೀಸು, ಗೋದಾಮುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು, ಕ್ಯಾಮೆರಾ ಕೂರಿಸುವುದು ಅವನ ಕೆಲಸ. ಜೊತೆಗೆ ಮೂರು ಜನ, ಒಂದು ವ್ಯಾನ್. ಒಂದು ಭಾನುವಾರ ಊಟ ಮುಗಿದ ಮೇಲೆ ನನ್ನ ಪಕ್ಕ ಕೂತು, "ಅಂಕಲ್, ವೆಟರನ್ ಸರ್ಟಿಫಿಕೇಟ್ ತಗೊಂಡು ಆರು ತಿಂಗಳಾಯ್ತು. ಒಂದು ಫೋನೂ ಬಂದಿಲ್ಲ" ಅಂದ.

ನಾನು ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಈ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಕಂಪನಿ ಮಾಜಿ ಸೈನಿಕರದು ಎಂದು ದೃಢಪಡಿಸುವ ಈ ಸರ್ಟಿಫಿಕೇಟ್ ಕೈಗೆ ಬಂದರೆ ಕೆಲಸ ತಾನಾಗಿ ಬರುತ್ತದೆ ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ಅದು ಹಾಗಲ್ಲ. ನಮ್ಮವರ ಮಕ್ಕಳು ಇಲ್ಲಿನ ಸೇನೆ ಸೇರುತ್ತಿದ್ದಾರೆ. 2016ರಲ್ಲಿ ನಿಂತುಹೋದ ಮಾವ್ನಿ ಯೋಜನೆಯಡಿ ವೀಸಾ ಮೇಲಿದ್ದ ಭಾರತೀಯರೂ ಸೇರಿದ್ದರು. ಸೇವೆ ಮುಗಿಸಿ ಬಂದು ಸ್ವಂತ ಕಂಪನಿ ಕಟ್ಟುತ್ತಿರುವವರಿಗೆ ಈ ವ್ಯವಸ್ಥೆ ಸರಿಯಾಗಿ ಗೊತ್ತಿರಬೇಕು.

ಮೊದಲು, ವೆಟರನ್ ಅಂದರೆ ಯಾರು? ಅಮೆರಿಕದ ಸೇನೆಯಲ್ಲಿ ಸಕ್ರಿಯ ಸೇವೆ ಮಾಡಿ, ಕಳಂಕವಿಲ್ಲದೆ ಬಿಡುಗಡೆಯಾದವರು. ಅದಕ್ಕೆ ಮುಖ್ಯ ದಾಖಲೆ ಡಿಡಿ-214 ಎಂಬ ಕಾಗದ. "ನಮ್ಮ ಅಪ್ಪ ಭಾರತೀಯ ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದರು, ಈಗ ಗ್ರೀನ್ ಕಾರ್ಡ್ ಮೇಲೆ ನಮ್ಮ ಜೊತೆಗೇ ಇದ್ದಾರೆ, ಅವರ ಹೆಸರಲ್ಲಿ ಆಗುತ್ತಾ?" ಎಂದು ಕೊಡಗಿನ ಕಡೆಯವರೊಬ್ಬರು ನನ್ನನ್ನು ಕೇಳಿದ್ದರು. ಆಗುವುದಿಲ್ಲ. ಅವರ ಸೇವೆ ದೊಡ್ಡದೇ, ಆದರೆ ಇಲ್ಲಿನ ಕಾನೂನು ಇಲ್ಲಿನ ಸೇವೆಯನ್ನು ಮಾತ್ರ ನೋಡುತ್ತದೆ.

ಇನ್ನು ಸೇವೆಯಿಂದ ಅಂಗವೈಕಲ್ಯ ಆದವರಿಗೆ ಪ್ರತ್ಯೇಕ ವರ್ಗವಿದೆ. ಅಂಗವೈಕಲ್ಯ ಎಂದ ಕೂಡಲೇ ಕೈಕಾಲು ಕಳೆದುಕೊಂಡವರನ್ನೇ ನೆನೆಯಬೇಡಿ. ಈ ಹುಡುಗನಿಗೆ ಎಂಜಿನ್ ರೂಮಿನ ಸದ್ದಿನಿಂದ ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತದೆ. ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಅದಕ್ಕೆ 10% ಅಂಗವೈಕಲ್ಯ ಎಂದು ಬರೆದುಕೊಟ್ಟಿದೆ. ಕೇಂದ್ರ ಸರ್ಕಾರದ ಸರ್ಟಿಫಿಕೇಟಿಗೆ 0% ಎಂದು ಬರೆದಿದ್ದರೂ ನಡೆಯುತ್ತದೆ, ಸೇವೆಯಿಂದ ಆದದ್ದು ಎಂದು ಒಪ್ಪಿದ್ದರೆ ಸಾಕು. ಕ್ಯಾಲಿಫೋರ್ನಿಯಾ ರಾಜ್ಯದ ಸರ್ಟಿಫಿಕೇಟಿಗಾದರೆ ಕನಿಷ್ಠ 10% ಬೇಕು. ನೋವಿದ್ದರೂ ಹೇಳಿಕೊಳ್ಳದೆ ಸುಮ್ನೆ ಬಿಟ್ಟವರು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಅರ್ಜಿ ಹಾಕಿ.

ದೊಡ್ಡ ಕಂಪನಿಗೆ ನಿಮ್ಮ ಸಣ್ಣ ಕಂಪನಿ ಯಾಕೆ ಬೇಕು? ಇದು ಗೊತ್ತಾದರೆ ಯಾರ ಬಾಗಿಲು ತಟ್ಟಬೇಕು ಎಂಬುದೂ ಗೊತ್ತಾಗುತ್ತದೆ. ಸರ್ಕಾರದ ಖರೀದಿಯಲ್ಲಿ 3% ಪಾಲು ಅಂಗವೈಕಲ್ಯವಿರುವ ಮಾಜಿ ಸೈನಿಕರ ಕಂಪನಿಗಳಿಗೆ ಹೋಗಬೇಕು ಎಂಬ ಗುರಿಯನ್ನು 1999ರ ಕಾನೂನು ಇಟ್ಟಿತು. 2023ರ ಡಿಸೆಂಬರಿನಲ್ಲಿ ಬಂದ ರಕ್ಷಣಾ ಕಾನೂನು ಅದನ್ನು 5%ಕ್ಕೆ ಏರಿಸಿತು. ಸರ್ಕಾರದಿಂದ ದೊಡ್ಡ ಗುತ್ತಿಗೆ ಪಡೆಯುವ ದೊಡ್ಡ ಕಂಪನಿ, ಅಂದರೆ ಪ್ರೈಮ್, ಒಳಗಿನ ಕೆಲಸವನ್ನು ಯಾವ ಯಾವ ಸಣ್ಣ ಕಂಪನಿಗಳಿಗೆ ಎಷ್ಟು ಕೊಡುತ್ತೇನೆ ಎಂದು ಯೋಜನೆ ಬರೆದುಕೊಡಬೇಕು. ಅದರಲ್ಲಿ ಮಾಜಿ ಸೈನಿಕರ ಕಂಪನಿಗಳಿಗೆ ಬೇರೆಯೇ ಸಾಲು ಇರುತ್ತದೆ. ಆ ಸಾಲನ್ನು ತುಂಬುವುದು ಅವರಿಗೂ ತಲೆನೋವು. ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್, ಗ್ಯಾಸ್, ಟೆಲಿಫೋನ್ ಕಂಪನಿಗಳಿಗೆ ಜನರಲ್ ಆರ್ಡರ್ 156 ಎಂಬ ನಿಯಮವಿದೆ. ಅಂಗವೈಕಲ್ಯವಿರುವ ಮಾಜಿ ಸೈನಿಕರಿಂದ 1.5% ಖರೀದಿ ಅದರ ಗುರಿ. ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು.

ಇಂಥ ಸಣ್ಣ ಕಂಪನಿಗಳಿಂದ ಖರೀದಿ ನೋಡಿಕೊಳ್ಳುವ ವಿಭಾಗಕ್ಕೆ ಇದ್ದ 'ಸಪ್ಲೈಯರ್ ಡೈವರ್ಸಿಟಿ' ಎಂಬ ಹೆಸರನ್ನು 2025ರಿಂದ ಅನೇಕ ಕಂಪನಿಗಳು ಕೈಬಿಟ್ಟಿವೆ. ಗಾಬರಿ ಬೇಡ. ಅದೇ ವಿಭಾಗ 'ಸ್ಮಾಲ್ ಬಿಸಿನೆಸ್' ಎಂಬ ಹೆಸರಿನಲ್ಲಿ ಸಿಗಬಹುದು, ಆ ಹೆಸರಿನಲ್ಲೂ ಹುಡುಕಿ ನೋಡಿ.

ಸರ್ಟಿಫಿಕೇಟಿನ ವಿಷಯದಲ್ಲಿ ಗೊಂದಲ ಜಾಸ್ತಿ. ಕೇಂದ್ರ ಸರ್ಕಾರದ ಗುತ್ತಿಗೆಗೆ ಬೇಕಾದದ್ದು ಸಣ್ಣ ಉದ್ಯಮಗಳ ಇಲಾಖೆ, ಅಂದರೆ ಎಸ್‌ಬಿಎ, ಕೊಡುವ ವೆಟ್‌ಸರ್ಟ್ ಎಂಬ ಸರ್ಟಿಫಿಕೇಟ್. 2023ರ ಜನವರಿ 1ರವರೆಗೆ ಇದನ್ನು ವಿಎ ನೋಡಿಕೊಳ್ಳುತ್ತಿತ್ತು, ಆಮೇಲೆ ಎಸ್‌ಬಿಎಗೆ ಬಂತು. ಶುಲ್ಕವಿಲ್ಲ. ದುಡ್ಡು ತಗೊಂಡು ಮಾಡಿಸಿಕೊಡುತ್ತೇವೆ ಎಂದು ಬರುವ ಇಮೇಲುಗಳಿಗೆ ಉತ್ತರ ಕೊಡಬೇಡಿ. ಅನೇಕ ಖಾಸಗಿ ಕಂಪನಿಗಳು ನಾವೋಬಾ ಎಂಬ ಸಂಘದ ಸರ್ಟಿಫಿಕೇಟನ್ನು ಗುರುತಿಸುತ್ತವೆ, ಅದಕ್ಕೆ ಶುಲ್ಕವಿದೆ. ಕ್ಯಾಲಿಫೋರ್ನಿಯಾ ರಾಜ್ಯದ್ದು ಇನ್ನೊಂದು. ನನ್ನ ಸಲಹೆ ಇಷ್ಟೇ: ಮೊದಲು ಯಾವ ಐದು ಕಂಪನಿಗಳ ಕೆಲಸ ಬೇಕು ಎಂದು ಪಟ್ಟಿ ಮಾಡಿ, ಅವರು ಯಾವುದನ್ನು ಒಪ್ಪುತ್ತಾರೆ ಎಂದು ಕೇಳಿ, ಆಮೇಲೆ ಅರ್ಜಿ ಹಾಕಿ. ಈ ಹುಡುಗನ ಬಳಿ ವೆಟ್‌ಸರ್ಟ್ ಇತ್ತು. ಅವನು ಬೆನ್ನುಹತ್ತಿದ್ದ ವಿದ್ಯುತ್ ಕಂಪನಿಯ ಕೆಲಸಕ್ಕೆ ರಾಜ್ಯದ ಸರ್ಟಿಫಿಕೇಟ್ ಬೇಕಿತ್ತು. ಆರು ತಿಂಗಳು ಹಾಗೇ ಹೋಯಿತು.

ಆ ಭಾನುವಾರ ಅವನು ತನ್ನ ಕೇಪಬಿಲಿಟಿ ಸ್ಟೇಟ್‌ಮೆಂಟ್ ತೋರಿಸಿದ. ಇದು ಕಂಪನಿಯ ಪರಿಚಯಪತ್ರ, ಒಂದೇ ಪುಟದಲ್ಲಿ ಇರಬೇಕಾದದ್ದು. ಅವನದು ಮೂರು ಪುಟ. ಮೇಲೆ ಹಡಗಿನ ಫೋಟೋ, ಬಾವುಟ, ಸೇವೆಯ ಕಥೆ. ಕೆಳಗೆ "ಎಲ್ಲ ರೀತಿಯ ತಂತ್ರಜ್ಞಾನ ಸೇವೆ ಒದಗಿಸುತ್ತೇವೆ" ಎಂಬ ಸಾಲು. ಖರೀದಿ ವಿಭಾಗದಲ್ಲಿ ಕೂತವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ಪೆನ್ನು ಹಿಡಿದು ಹೊಡೆದುಹಾಕುತ್ತಾ ಹೋದೆವು. "ಕಳೆದ ಸಲ ಮಾಡಿದ ಕೆಲಸ ಹೇಳು" ಅಂದೆ. ಹೇಳಿದ. ಅದನ್ನೇ ಬರೆದೆವು: "18,000 ಚದರಡಿ ಗೋದಾಮು, 96 ಕೇಬಲ್ ಪಾಯಿಂಟು, ಎರಡು ರಾತ್ರಿಯಲ್ಲಿ ಮುಗಿಸಿದೆವು, ಹಗಲಿನ ಕೆಲಸ ಒಂದು ಗಂಟೆಯೂ ನಿಲ್ಲಲಿಲ್ಲ." ಈ ಸಾಲು ಇಡೀ ಮೂರು ಪುಟಕ್ಕಿಂತ ತೂಕದ್ದು. ಕೆಳಗೆ ಸರ್ಕಾರದ ನೋಂದಣಿ ತಾಣ ಸ್ಯಾಮ್ ಡಾಟ್ ಗವ್‌ನಲ್ಲಿ ಸಿಕ್ಕ ಯುಇಐ ಎಂಬ ಗುರುತಿನ ಸಂಖ್ಯೆ, ಕೆಲಸ ಯಾವ ಬಗೆಯದು ಎಂದು ಹೇಳುವ ನೇಯಿಕ್ಸ್ ಕೋಡ್ 238210, ವಿಮೆಯ ಮೊತ್ತ, ಫೋನ್ ನಂಬರ್. ವೆಟರನ್ ಎಂಬುದು ಒಂದು ಸಾಲು, ಎಲ್ಲಕ್ಕಿಂತ ಕೆಳಗೆ. ಅವನಿಗೆ ಮೊದಲು ಬೇಸರವಾಯಿತು. ಸೇವೆಯ ಬಗ್ಗೆ ಹೆಮ್ಮೆ ಇರುವುದು ಸಹಜವೇ. ಆದರೆ ಕೊಳ್ಳುವವರು ಮೊದಲು ಕೆಲಸ ನೋಡುತ್ತಾರೆ, ಆಮೇಲೆ ಸರ್ಟಿಫಿಕೇಟ್.

ದೊಡ್ಡ ಕಂಪನಿಗಳ ಸಪ್ಲೈಯರ್ ಪೋರ್ಟಲಿನಲ್ಲಿ ಹೆಸರು ಹಾಕಿ ಕಾಯುವುದರಿಂದ ಪ್ರಯೋಜನ ಕಡಿಮೆ. ಹೆಸರು ಹಾಕಲೇಬೇಕು, ಆದರೆ ಅದು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ. ಯಾವ ಬಸ್ಸು ಎಂದು ನೀವೇ ವಿಚಾರಿಸಬೇಕು. ಪ್ರೈಮ್ ಕಂಪನಿಗಳಲ್ಲಿ ಸ್ಮಾಲ್ ಬಿಸಿನೆಸ್ ಲಿಯೇಝನ್ ಆಫೀಸರ್ ಎಂಬ ಹುದ್ದೆ ಇರುತ್ತದೆ. ಸಣ್ಣ ಕಂಪನಿಗಳನ್ನು ಹುಡುಕುವುದೇ ಅವರ ಕೆಲಸ. ನೇರವಾಗಿ ಅವರಿಗೆ ಬರೆಯಿರಿ. ಸಬ್‌ಕಾಂಟ್ರಾಕ್ಟ್ ಕೊಡಬೇಕಾದ ಪ್ರೈಮ್‌ಗಳ ಪಟ್ಟಿಯನ್ನು ಎಸ್‌ಬಿಎ ಪ್ರಕಟಿಸುತ್ತದೆ. ನಿಮ್ಮ ಊರಿನಿಂದ ಒಂದು ಗಂಟೆ ದಾರಿಯಲ್ಲಿ ಇರುವವರನ್ನು ಮೊದಲು ಆರಿಸಿ. ನೇರ ಗುತ್ತಿಗೆಗಿಂತ, ಈಗಾಗಲೇ ಗುತ್ತಿಗೆ ಇರುವವರ ಕೈಕೆಳಗೆ ಒಂದು ಸಣ್ಣ ತುಂಡು ಕೆಲಸ ಸಿಗುವುದು ಸುಲಭ. ಇದಕ್ಕೆ ಟಿಯರ್ 2 ಅನ್ನುತ್ತಾರೆ. ಅವನಿಗೆ ಮೊದಲು ಸಿಕ್ಕದ್ದೂ ಹೀಗೆಯೇ: ಒಂದು ಕಟ್ಟಡದ ಎರಡು ಮಹಡಿಯ ಕೇಬಲ್ ಕೆಲಸ.

ಆಗ ಬಂದದ್ದು ಹಣದ ಕಷ್ಟ. ಇದನ್ನು ಬಿಡಿಸಿ ಹೇಳುತ್ತೇನೆ. ಒಪ್ಪಂದದಲ್ಲಿ 'ನೆಟ್ 60' ಎಂದಿತ್ತು. ಬಿಲ್ಲು ಕೊಟ್ಟ ಅರವತ್ತು ದಿನಕ್ಕೆ ಹಣ. ಇವನ ಮೂರು ಜನರ ಸಂಬಳ, ತೆರಿಗೆ ಸೇರಿ ಎರಡು ವಾರಕ್ಕೆ ಸುಮಾರು 8,500 ಡಾಲರ್. ಅರವತ್ತು ದಿನದಲ್ಲಿ ನಾಲ್ಕು ಸಲ ಸಂಬಳ, ಅಂದರೆ 34,000 ಡಾಲರ್ ಕೈಯಿಂದ ಹೋಗಿರುತ್ತದೆ. ಅವರು ಕೊಟ್ಟದ್ದು ಎಪ್ಪತ್ತೈದನೆಯ ದಿನ. ಲಾಭದ ಕೆಲಸವೇ, ಆದರೆ ಅಷ್ಟರಲ್ಲಿ ಮನೆಯ ಉಳಿತಾಯ ಕರಗಿತು. ಹಾಗಾಗಿ ಕೆಲಸ ಸಿಗುವ ಮೊದಲೇ ಬ್ಯಾಂಕಿನಲ್ಲಿ ಲೈನ್ ಆಫ್ ಕ್ರೆಡಿಟ್, ಅಂದರೆ ಬೇಕಾದಾಗ ಬೇಕಾದಷ್ಟು ತೆಗೆಯಬಹುದಾದ ಸಾಲ, ಮಾಡಿಸಿಕೊಳ್ಳಿ. ಹಣ ಬೇಕಿಲ್ಲದಾಗ ಬ್ಯಾಂಕು ಬೇಗ ಒಪ್ಪುತ್ತದೆ. ಬಿಲ್ಲನ್ನೇ ಮಾರಿ ಹಣ ತರುವ ಫ್ಯಾಕ್ಟರಿಂಗ್ ಕೊನೆಯ ದಾರಿ, ದುಬಾರಿ. ವಿಮೆಯನ್ನೂ ಮರೆಯಬೇಡಿ. ಒಂದು ಘಟನೆಗೆ 10 ಲಕ್ಷ ಡಾಲರ್ ಹೊಣೆಯ ವಿಮೆ ಕೇಳುವುದು ಸಾಮಾನ್ಯ, ಅದರ ಖರ್ಚನ್ನು ದರದಲ್ಲಿ ಸೇರಿಸಿ.

ಇನ್ನೊಂದು ಮಾತನ್ನು ಬಿಗಿಯಾಗಿಯೇ ಹೇಳಬೇಕು. ನಮ್ಮವರ ಐಟಿ ಕನ್ಸಲ್ಟಿಂಗ್ ಕಂಪನಿಗಳಲ್ಲಿ "ಪರಿಚಯದ ಒಬ್ಬ ವೆಟರನ್ ಹೆಸರಲ್ಲಿ 51% ಷೇರು ಹಾಕೋಣ, ನಡೆಸುವುದು ನಾವೇ" ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಮಾಡಬೇಡಿ. ಸರ್ಟಿಫಿಕೇಟಿಗೆ ಕನಿಷ್ಠ 51% ಒಡೆತನವೂ ಅವರದೇ ಆಗಬೇಕು, ಅತಿ ಮೇಲಿನ ಹುದ್ದೆಯೂ ಅವರದೇ, ದಿನನಿತ್ಯದ ತೀರ್ಮಾನವೂ ಅವರದೇ. ಸುಳ್ಳು ಹೇಳಿ ಸರ್ಕಾರದ ಹಣ ಪಡೆದರೆ ಫಾಲ್ಸ್ ಕ್ಲೇಮ್ಸ್ ಆಕ್ಟ್ ಪ್ರಕಾರ ನಷ್ಟದ ಮೂರು ಪಟ್ಟು ಕಟ್ಟಬೇಕು, ಬೇರೆ ಕಾನೂನುಗಳಡಿ ಜೈಲೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಅದು ನಿಜವಾಗಿ ಸೇವೆ ಮಾಡಿ ಬಂದವರ ಬಾಯಿಗೆ ಹೋಗಬೇಕಾದ ತುತ್ತು.

ಸಹಾಯಕ್ಕೆ ದುಡ್ಡು ಕೊಡಬೇಕಿಲ್ಲ. ರಕ್ಷಣಾ ಇಲಾಖೆಯ ಅಪೆಕ್ಸ್ ಆಕ್ಸಲರೇಟರ್ ಕಚೇರಿಗಳು ಬಹುತೇಕ ಎಲ್ಲ ರಾಜ್ಯಗಳಲ್ಲೂ ಇವೆ. ಮೊದಲು ಪಿಟ್ಯಾಕ್ ಎಂಬ ಹೆಸರಿತ್ತು, 1985ರಿಂದ ನಡೆದು ಬಂದ ಯೋಜನೆ. ನೋಂದಣಿ, ಟೆಂಡರ್ ಓದುವುದು, ಪರಿಚಯಪತ್ರ ತಿದ್ದುವುದು ಎಲ್ಲ ಅಲ್ಲಿ ಹೇಳಿಕೊಡುತ್ತಾರೆ. ಎಸ್‌ಬಿಎಯ ವೆಟರನ್ಸ್ ಬಿಸಿನೆಸ್ ಔಟ್‌ರೀಚ್ ಸೆಂಟರುಗಳಿವೆ. ಇನ್ನೂ ಸೇನೆಯಲ್ಲೇ ಇರುವವರಿಗೆ ಬೂಟ್ಸ್ ಟು ಬಿಸಿನೆಸ್ ಎಂಬ ತರಗತಿ ಇದೆ. ಸಿರಾಕ್ಯೂಸ್ ವಿಶ್ವವಿದ್ಯಾಲಯವೂ ಮಾಜಿ ಸೈನಿಕರಿಗೆ ವ್ಯಾಪಾರದ ತರಬೇತಿ ಕೊಡುತ್ತದೆ.

ಎರಡನೆಯ ಕೆಲಸಕ್ಕೆ ಅವನು ಕೊಟ್ಟ ದರಪಟ್ಟಿ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತೇವೆ, ಕೇಳಲು ಸಂಕೋಚ ಅಲ್ವಾ? ನಾನು ಒತ್ತಾಯ ಮಾಡಿ ಮೂರು ಸಾಲಿನ ಇಮೇಲ್ ಬರೆಸಿದೆ: ಅವಕಾಶಕ್ಕೆ ಧನ್ಯವಾದ, ಎಲ್ಲಿ ಹಿಂದೆ ಬಿದ್ದೆವು ಎಂದು ತಿಳಿಸುತ್ತೀರಾ, ಮುಂದಿನ ಕೆಲಸ ಯಾವಾಗ. ಮೂರನೆಯ ದಿನ ಉತ್ತರ ಬಂತು. ದರ ಸರಿಯಾಗಿಯೇ ಇತ್ತಂತೆ. ಕೆಲಸ ಮುಗಿದ ಮೇಲೆ ಪ್ರತಿ ಕೇಬಲಿನ ಟೆಸ್ಟ್ ರಿಪೋರ್ಟ್ ಕೊಡುತ್ತೇವೆ ಎಂದು ಅವನು ಬರೆದಿರಲಿಲ್ಲ. ಕೊಡುವುದಂತೂ ಯಾವಾಗಲೂ ಕೊಡುತ್ತಿದ್ದ, ಬರೆಯುವುದನ್ನು ಬಿಟ್ಟಿದ್ದ. ಮುಂದಿನ ದರಪಟ್ಟಿಯ ಜೊತೆ ಹಳೆಯ ಗೋದಾಮಿನ 96 ಪಾಯಿಂಟುಗಳ ರಿಪೋರ್ಟನ್ನು ಮಾದರಿಯಾಗಿ ಲಗತ್ತಿಸಿದ. ಆ ಕೆಲಸ ಅವನಿಗೇ ಬಂತು, ಈ ಸಲ 'ನೆಟ್ 30'ಕ್ಕೆ.