ಚಿತ್ರ ಕಳಿಸುವುದು ಬಿಟ್ಟ ಮೇಲೆ ತ್ರೀಡಿ ಕೋಡ್ ಮುಂದೆ ಸಾಗಿತು: ನಮ್ಮ ಅನುಭವ

ಒಬ್ಬರು ಶಿರಸಿಯಲ್ಲಿ, ಇನ್ನೊಬ್ಬರು ಕಾರವಾರದಲ್ಲಿ ಕೂತು ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಯ ತ್ರೀಡಿ ಭಾಗಕ್ಕೆ ಸೇರಿ ಕೋಡ್ ಬರೆಯುವುದು ಮಳೆಗಾಲದಲ್ಲಿ ಆಗದ ಮಾತು ಎಂದವರೇ ಹೆಚ್ಚು. ಚಿತ್ರ ಬಿಡಿಸುವ ಕೋಡನ್ನು ಚಿತ್ರ ನೋಡದೆ ರಿವ್ಯೂ ಮಾಡಲಾಗದು, ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವಲ್ಲಿ ಚಿತ್ರ ದಾಟುವುದಿಲ್ಲ ಎಂಬುದು ಅವರ ವಾದ. ನಮ್ಮ ತಿದ್ದುಪಡಿ ಸಣ್ಣದೇ, ಆದರೆ ಬೇಕಾದ ಎರಡೂ ಒಪ್ಪಿಗೆ ಪಡೆದು ಮೇನ್ ಬ್ರಾಂಚಿಗೆ ಸೇರಿದೆ. ಗಿಟ್, ನಮ್‌ಪೈ, ಪೈಟೆಸ್ಟ್ ಬಲ್ಲವರಿಗಾಗಿ ಮಾಡಿದ ರೀತಿ ಇಲ್ಲಿದೆ.

ಪರೀಕ್ಷೆಗೆ ಬಳಸಿದ್ದು ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ) ಎತ್ತರದ ದತ್ತಾಂಶದ ಎನ್14ಇ074 ತುಣುಕು, ಅಂದರೆ ಉತ್ತರ ಅಕ್ಷಾಂಶ 14ರಿಂದ 15, ಪೂರ್ವ ರೇಖಾಂಶ 74ರಿಂದ 75. ಕಾರವಾರ, ಗೋಕರ್ಣ, ಕುಮಟಾ, ಹೊನ್ನಾವರ, ಶಿರಸಿ, ಜೋಗ ಎಲ್ಲವೂ ಇದೊಂದರಲ್ಲೇ ಬರುತ್ತವೆ. 3601 ಸಾಲು, 3601 ಕಂಬ, ಪ್ರತಿ ಎತ್ತರಕ್ಕೆ 2 ಬೈಟ್, ಒಟ್ಟು ಸುಮಾರು 26 ಎಂಬಿ. ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು) ಎಂದು ಹೇಳಿಯೇ ಓದಿಸಬೇಕು. ಮಾಹಿತಿ ಇಲ್ಲದ ಕಡೆ -32768 ಇರುತ್ತದೆ. ಫ್ಲೋಟ್‌ಗೆ ಬದಲಿಸಿ ಅದನ್ನು ನ್ಯಾನ್ (ಸಂಖ್ಯೆ ಅಲ್ಲ ಎಂಬ ಗುರುತು) ಮಾಡದಿದ್ದರೆ ಘಟ್ಟದ ನಡುವೆ 32 ಕಿಲೋಮೀಟರ್ ಆಳದ ಬಾವಿ ಬಿದ್ದು, ಉಳಿದ ನೆಲವೆಲ್ಲ ಮೇಲೆ ಒಂದು ಗೆರೆಯಾಗಿ ಚಪ್ಪಟೆಯಾಗುತ್ತದೆ.

ಮೊದಲು ಕೈಕೊಡುವುದು ಆರ್‌ಕೌಂಟ್, ಸಿಕೌಂಟ್: ಸರ್ಫೇಸ್ ಬಿಡಿಸುವಾಗ ಹೆಚ್ಚೆಂದರೆ ಎಷ್ಟು ಸಾಲು, ಎಷ್ಟು ಕಂಬ ಬಳಸಬೇಕೆಂಬ ಮಿತಿ. ಹೇಳದಿದ್ದರೆ ಎರಡೂ 50. ಅಂದರೆ 73 ಸಾಲಿಗೊಂದು ಸಾಲು, ಚೌಕವೊಂದು 2 ಕಿಲೋಮೀಟರಿಗಿಂತ ದೊಡ್ಡದು. ಉಂಚಳ್ಳಿ ಕೆಳಗಿನ ಅಘನಾಶಿನಿ ಕಣಿವೆ ಮಂಗಮಾಯ. ನಾವು ಒಂಬತ್ತಕ್ಕೊಂದು ಬಿಂದು ತೆಗೆದುಕೊಂಡೆವು. 3600 ಒಂಬತ್ತರಿಂದ ಸರಿಯಾಗಿ ಭಾಗವಾಗುವುದರಿಂದ 400 ಗುಣಿಸು 400 ಚೌಕ ಸಿಗುತ್ತವೆ. ಆಮೇಲೆ ಎರಡೂ ಕೌಂಟನ್ನು 401 ಮಾಡಿ. ಹಳೆಯ ಐ3 ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರಕ್ಕೆ ಅರ್ಧ ನಿಮಿಷದ ಹತ್ತಿರ ಹಿಡಿಯಿತು, ಅಡ್ಡಿಯಿಲ್ಲ. ಎಸ್‌ವಿಜಿ ಮಾಡಲು ಹೋಗಬೇಡಿ. ಒಂದು ಲಕ್ಷ ಅರವತ್ತು ಸಾವಿರ ಚೌಕವನ್ನೂ ಒಂದೊಂದಾಗಿ ಬರೆದಿಡುತ್ತದೆ.

ನಿಜವಾದ ಕಾಟ ಕೊಟ್ಟದ್ದು ಸಮುದ್ರ. ಈ ಲೈಬ್ರರಿಯಲ್ಲಿ ಪಿಕ್ಸೆಲ್ ಮಟ್ಟದ ಆಳದ ಲೆಕ್ಕ ಇಲ್ಲ. ದೂರದ್ದನ್ನು ಮೊದಲು ಬಳಿದು, ಹತ್ತಿರದ್ದನ್ನು ಅದರ ಮೇಲೆ ಬಳಿಯುತ್ತದೆ. ನೆಲ ಒಂದು ಸರ್ಫೇಸ್, ನೀರು ಇನ್ನೊಂದು ಸರ್ಫೇಸ್ ಆದರೆ, ಒಂದಿಡೀ ಇನ್ನೊಂದರ ಮೇಲೆ ಕೂರುತ್ತದೆ. ಕೋನ ಸ್ವಲ್ಪ ತಿರುಗಿಸಿದರೆ ಸಾಕು, ಅರಬ್ಬಿ ಸಮುದ್ರ ದೇವಿಮನೆ ಘಟ್ಟ ಹತ್ತಿರುತ್ತದೆ. ಬಳಿಯುವ ಕ್ರಮವನ್ನು ತಾನೇ ಲೆಕ್ಕ ಹಾಕುವ ಕಂಪ್ಯೂಟೆಡ್ ಜೆಡ್‌ಆರ್ಡರ್ ಆಫ್ ಮಾಡಿ ಕೈಯಿಂದ ಕ್ರಮ ಕೊಟ್ಟರೆ ಒಂದು ಕೋನಕ್ಕೆ ಸರಿ, ಮತ್ತೊಂದಕ್ಕೆ ತಪ್ಪು. ದಾರಿ ಇಷ್ಟೇ: ಎರಡರ ಚೌಕಗಳನ್ನೂ ಒಂದೇ ಪಾಲಿ ತ್ರೀಡಿ ಕಲೆಕ್ಷನ್‌ಗೆ (ಬಹುಭುಜಗಳ ಗುಂಪಿಗೆ) ಸುರಿಯಬೇಕು. ಆಗ ವಿಂಗಡಣೆ ಚೌಕದ ಮಟ್ಟಕ್ಕೆ ಇಳಿಯುತ್ತದೆ. ನೀರಿನ ಹಾಳೆಯನ್ನೂ ನೆಲದಷ್ಟೇ ಸಣ್ಣ ಚೌಕಕ್ಕೆ ಕತ್ತರಿಸಿ. ದೊಡ್ಡ ಹಾಳೆಯ ಸರಾಸರಿ ದೂರ ಒಂದೇ ಸಂಖ್ಯೆಯಾದ್ದರಿಂದ ಅದು ಎಲ್ಲೋ ನಡುವೆ ಸಿಕ್ಕಿಕೊಳ್ಳುತ್ತದೆ. ನೆಲ ಸೊನ್ನೆಗಿಂತ ಮೇಲಿರುವಲ್ಲಿ ನೀರಿನ ಚೌಕ ಕಿತ್ತುಹಾಕಿ. ಎರಡು ಚೌಕ ಒಂದನ್ನೊಂದು ಸೀಳುವಂತಿದ್ದರೆ ಯಾವ ವಿಂಗಡಣೆಯೂ ಕಾಪಾಡದು.

ಹೀಗೆ ಸುರಿದಾಗ ನೆರಳು ಹೋಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ 3.7ರಿಂದ ಆ ಕಲೆಕ್ಷನ್‌ಗೇ ಶೇಡ್ ಆಯ್ಕೆ ಇದೆ, ಫೇಸ್‌ಕಲರ್ ಜೊತೆಗೆ ಕೊಡಬೇಕು. ಚೌಕದ ಮೂಲೆಗಳನ್ನು ಎಲ್ಲ ಕಡೆ ಒಂದೇ ಸುತ್ತಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಬಿಸಿಲು ಬೀಳುವ ಇಳಿಜಾರು ಕಪ್ಪಾಗುತ್ತದೆ. ಚೌಕಗಳ ನಡುವೆ ಬಿಳಿ ಎಳೆ ಕಂಡರೆ ಅಂಚು ನಯಗೊಳಿಸುವ ಆಂಟಿಏಲಿಯಾಸ್ ತೆಗೆಯಿರಿ. ನದಿಯ ಗೆರೆ ಇಳಿಜಾರಿನೊಳಗೆ ಮುಳುಗದಂತೆ ಎಳೆಯಲು ನಮ್ಮದೊಂದು ಉಪಾಯ ಇದೆ. ಅದನ್ನು ಸದ್ಯ ಇಲ್ಲಿ ಬಿಚ್ಚುವುದಿಲ್ಲ.

ಇನ್ನು ಜೊತೆಗೂಡುವ ಮಾತು. ಪರೀಕ್ಷೆಯಲ್ಲಿ ಹೋಲಿಸಲು ಇಡುವ ಬೇಸ್‌ಲೈನ್ ಚಿತ್ರ ಹೊಸದಾಗಿ ಸೇರಿಸಿದರೆ ಅದರ ಪ್ರತಿ ಆವೃತ್ತಿಯೂ ಗಿಟ್ ಇತಿಹಾಸದಲ್ಲಿ ಶಾಶ್ವತ. ನಾವು ಒಂದೂ ಸೇರಿಸಲಿಲ್ಲ. ಎರಡು ಚಿತ್ರ ಒಂದೇ ಎಂದು ನೋಡುವ ಚೆಕ್ ಫಿಗರ್ಸ್ ಈಕ್ವಲ್ ಬಳಸಿ ಒಂದು ಕಡೆ ನ್ಯಾನ್ ಇರುವ ಸರ್ಫೇಸ್, ಇನ್ನೊಂದು ಕಡೆ ಕೈಯಿಂದ ಕತ್ತರಿಸಿದ ಚೌಕಗಳು. ಎರಡೂ ಅದೇ ಯಂತ್ರದಲ್ಲಿ ಹುಟ್ಟಿ ಅಲ್ಲೇ ಹೋಲಿಕೆಯಾಗುತ್ತವೆ, ಫಾಂಟ್ ಜಗಳವೂ ಇಲ್ಲ. ಪ್ರೊಜೆಕ್ಷನ್‌ಗೆ ನೋಡುವ ಕೋನವನ್ನು ಎಲಿವೇಶನ್ 30, ಅಜಿಮತ್ -60 ಇಟ್ಟು, ತ್ರೀಡಿ ಬಿಂದುವನ್ನು ಹಾಳೆಗಿಳಿಸುವ ಪ್ರೊಜ್ ಟ್ರಾನ್ಸ್‌ಫಾರ್ಮ್ ಕೊಟ್ಟ ಸಂಖ್ಯೆಗಳನ್ನೇ ತಾಳೆ ನೋಡಿದೆವು. ನಮ್ಮಿಬ್ಬರ ನಡುವೆ ಓಡಾಡಿದ್ದು ಎತ್ತರದ ದತ್ತಾಂಶದ 40 ಗುಣಿಸು 40ರ ತುಂಡುಗಳು, ತಲಾ 3,200 ಬೈಟ್. ಎಂಥ ಮಳೆಯಲ್ಲೂ ದಾಟುತ್ತವೆ. ಲೈಬ್ರರಿಗೆ ಕಳಿಸುವಾಗ ಆ ತುಂಡೂ ಬೇಡ, ಅಲ್ಲೇ ಹುಟ್ಟಿಸುವ ಅರೇ ಸಾಕು.

ಕ್ಲೋನ್ ಮಾಡುವಾಗ ಬ್ಲಾಬ್ (ಫೈಲಿನ ಒಳವಿಷಯ) ಇಲ್ಲದ ಫಿಲ್ಟರ್ ಹಾಕಿ, ಡೇಟಾ ಬಹಳ ಉಳಿಯುತ್ತದೆ. ಆರ್ಟ್‌3ಡಿ ಫೈಲ್ ಶಿರಸಿಗೆ, ಆಕ್ಸಿಸ್3ಡಿ ಫೈಲುಗಳು ಕಾರವಾರಕ್ಕೆ ಎಂದು ಹಂಚಿಕೊಂಡಿದ್ದರಿಂದ ರಿಬೇಸ್‌ನಲ್ಲಿ ಡಿಕ್ಕಿ ಕಮ್ಮಿ. ಒಂದೇ ಬ್ರಾಂಚಿಗೆ ಇಬ್ಬರೂ ತಳ್ಳುವಾಗ ಅಲ್ಲಿ ಗೊತ್ತಿಲ್ಲದ ಕಮಿಟ್ ಬಂದಿದ್ದರೆ ತಳ್ಳಲು ಬಿಡದ ಫೋರ್ಸ್ ವಿತ್ ಲೀಸ್ ಬಳಸಿ. ಆದರೆ ಎಡಿಟರಿನ ಆಟೋ ಫೆಚ್ ಆಫ್ ಮಾಡಿಡಿ. ಹಿನ್ನೆಲೆಯಲ್ಲಿ ಫೆಚ್ ಆಗಿದ್ದರೆ ಲೀಸ್ ತಡೆಯುವುದಿಲ್ಲ, ಜೊತೆಗಾರರ ಕಮಿಟ್ ಸದ್ದಿಲ್ಲದೆ ಅಳಿಯುತ್ತದೆ.

ಆಗ ನಮಗಾದ ಖರ್ಚು: ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾವಿರದೈನೂರರ ಆಸುಪಾಸು, ಹಳೆಯ ರ‍್ಯಾಮ್ ಎರಡು ಸಾವಿರದೊಳಗೆ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಮೇಲಿನ ಪರೀಕ್ಷೆ ಗಿಟ್‌ಹಬ್‌ನಲ್ಲೇ ಬಿಟ್ಟಿ.

ನಡುವೆ ಊರಿನ ಹೆಸರು ಕನ್ನಡದಲ್ಲಿ ಬರೆಸಲು ನೋಡಿದೆವು. ನಮ್ಮ ಆವೃತ್ತಿಯಲ್ಲಿ ಚಿತ್ರ ಬಳಿಯುವ ಆಗ್ ಬ್ಯಾಕೆಂಡ್ ಒತ್ತಕ್ಷರ ಕೂಡಿಸುವುದಿಲ್ಲ, ಹೊನ್ನಾವರದ ನಕಾರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಎಂಪಿಎಲ್‌ಕೈರೋ ಎಂಬ ಬೇರೆ ಬ್ಯಾಕೆಂಡ್ ಮತ್ತು ಅಕ್ಷರ ಕೂಡಿಸುವ ರಾಕ್ಮ್ ಹಾಕಿದರೆ ಸರಿ ಬರುತ್ತದೆ.

ಭಟ್ಕಳವೂ ಬೇಕಾದರೆ ಎನ್13ಇ074 ಜೋಡಿಸಿ. ಉತ್ತರ ತುಣುಕಿನ ಕೊನೆಯ ಸಾಲೇ ದಕ್ಷಿಣದ ಮೊದಲ ಸಾಲು. ಒಂದನ್ನು ತೆಗೆದೇ ಕೂಡಿಸಬೇಕು, ಇಲ್ಲವಾದರೆ ಅಗಲವೇ ಇಲ್ಲದ ಚೌಕಗಳ ಪಟ್ಟಿಯೊಂದು ನಡುವೆ ಸೇರಿಕೊಂಡು ನೆರಳಿನ ಲೆಕ್ಕ ಕೆಡುತ್ತದೆ.